ಬೀಗರಿಗೆ ತೋರಿಸಿದ ನೀರು

ಚಿಕ್ಕವಳಿದ್ದಾಗ ನನಗೆ ಒಂದು ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ನಮ್ಮೂರಿನ ಒಣ ಕಾಲುವೆಯಲ್ಲಿ ನಾನು ಮಲಗಿರುತ್ತಿದ್ದೆ. ಎಲ್ಲೋ ದೂರದಲ್ಲಿ ಯಾರೋ ರೇಷ್ಮೆ ಸೀರೆ ಮಡಚುತ್ತಿರುವ ಸದ್ದು. ಆ ಸದ್ದು ಮೆಲ್ಲಗೆ ಹತ್ತಿರವಾಗುತ್ತ ಬಂದು, ನನ್ನ ಹಿಮ್ಮಡಿಗೆ ತಣ್ಣಗೆ ತಾಗುವಷ್ಟರಲ್ಲಿ ಎಚ್ಚರವಾಗಿಬಿಡುತ್ತಿತ್ತು. ಎದ್ದು ಮುಟ್ಟಿ ನೋಡಿಕೊಂಡರೆ ಕಾಲು ಒಣಗಿಯೇ ಇರುತ್ತಿತ್ತು.

ನನ್ನ ತವರು ಸಿದ್ದಿಹಾಳ, ಕಾಲುವೆಯ ಕಟ್ಟಕಡೆಯ ಊರು. ಮುನಿರಾಬಾದಿನಲ್ಲಿ ಆಣೆಕಟ್ಟಿನಿಂದ ಬಿಟ್ಟ ನೀರು ಊರೂರು ಹಾಯ್ದು, ಗದ್ದೆ ಗದ್ದೆಗೆ ಹಂಚಿಹೋಗಿ, ನಮ್ಮೂರು ಮುಟ್ಟುವ ಹೊತ್ತಿಗೆ ಕಾಲುವೆಯಲ್ಲಿ ಬಿಸಿಲಷ್ಟೇ ಹರಿಯುತ್ತಿತ್ತು. ನಾನೂ ನನ್ನ ಅಕ್ಕ ದುರುಗವ್ವನೂ ಅದರೊಳಗೆ ಒಂಟಿಗಾಲಲ್ಲಿ ಕುಂಟಲಿಪಿ ಆಡಿ ಬೆಳೆದವರು.

ಮದುವೆಯಾಗಿ ಮರಳಿ ಎಂಬ ಊರಿಗೆ ಬಂದೆ. ಕಾಲುವೆ ಅದೇ, ಆದರೆ ಮರಳಿ ಅದರ ಮೇಲ್ಭಾಗದಲ್ಲಿದೆ. ಇಲ್ಲಿ ಮನೆಯ ಹಿತ್ತಲಿನಲ್ಲೇ ನೀರು ಮಾತಾಡುತ್ತದೆ. ಸಂಬಂಧ ಗಟ್ಟಿ ಮಾಡಲು ನನ್ನ ಅಪ್ಪ ಬಂದ ದಿನ ಮಾವನವರು ಕಾಲುವೆಯ ತೂಬುಗಳ ಹಲಗೆಗಳನ್ನೆಲ್ಲ ಎತ್ತಿಸಿ, ಗದ್ದೆಯನ್ನು ಬದುವಿನ ಅಂಚಿನವರೆಗೆ ತುಂಬಿಸಿಟ್ಟಿದ್ದರಂತೆ. ಅದು ಇಲ್ಲಿಯ ರೂಢಿ. ಬೀಗರು ಬರುತ್ತಾರೆಂದರೆ ಹಿಂದಿನ ಸಂಜೆಯೇ ಗದ್ದೆ ತುಂಬಿಸಬೇಕು, ಬಾಗಿಲಲ್ಲಿ ತುಂಬಿದ ಕೊಡ ಇಟ್ಟ ಹಾಗೆ. ಬೆಳೆಗೆ ಆ ನೀರು ಬೇಕೋ ಬೇಡವೋ, ಬಂದವರ ಕಣ್ಣಿಗೆ ಬೇಕು. ಅವರು ಹೊರಡುವವರೆಗೆ ತೂಬು ಇಳಿಸುವ ಹಾಗಿಲ್ಲ. ಅಪ್ಪ ಬದುವಿನ ಮೇಲೆ ನಿಂತು ಬಹಳ ಹೊತ್ತು ನೀರನ್ನೇ ನೋಡಿದನಂತೆ. ಆಮೇಲೆ ಬಗ್ಗಿ, ಬೊಗಸೆ ನೀರೆತ್ತಿ ಮುಖ ತೊಳೆದುಕೊಂಡು, ಆಯಿತು ಅಂದನಂತೆ.

ನನ್ನ ಮಗಳು ಅಮೃತಾ ಹುಟ್ಟಿದ್ದು ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ. ಅವಳು ಹೈಸ್ಕೂಲಿಗೆ ಹೋಗುತ್ತಿದ್ದಾಗ ಊರಿಗೆ ಒಂದು ಜೀಪು ಬಂತು. ನಮ್ಮ ಕಡೆಯ ಕೃಷಿ ವಿಶ್ವವಿದ್ಯಾಲಯದವರೂ ಹಾಲೆಂಡ್ ದೇಶದ ಒಂದು ವಿಶ್ವವಿದ್ಯಾಲಯದವರೂ ಕೂಡಿ ಏನೋ ಸಂಶೋಧನೆ ಮಾಡುತ್ತಾರೆ ಎಂದರು. ನಮ್ಮವರ ಪರವಾಗಿ ಬಂದವರು ತಿರುಮಲೇಶ ಸರ್, ಆಗಿನ್ನೂ ಹುಡುಗನಂತಿದ್ದರು. ತೂತು ಕೊರೆದ ಪ್ಲಾಸ್ಟಿಕ್ ಕೊಳವೆಗಳನ್ನು ತಂದು ನಮ್ಮ ಗದ್ದೆಗಳಲ್ಲಿ ಹುಗಿದರು. ನೆಲ್ಲಿನ ಕಾಲ ಬುಡದಲ್ಲಿ ಯಾವಾಗಲೂ ನೀರು ನಿಲ್ಲಿಸಬೇಕಾಗಿಲ್ಲ, ಕೊಳವೆಯೊಳಗೆ ಇಣುಕಿ ನೋಡಿ, ನೀರು ಒಂದು ಗೇಣು ಕೆಳಗಿಳಿದ ಮೇಲೆ ಹಾಯಿಸಿದರೆ ಸಾಕು ಎಂದು ಹೇಳಿಕೊಟ್ಟರು.

ನಮ್ಮ ಭಾವ ಸಣ್ಣಪ್ಪನವರು, ನನ್ನ ಯಜಮಾನರ ಅಣ್ಣ, ಮನೆಗೂ ಓಣಿಗೂ ಹಿರಿಯರು, ಅವತ್ತು ನಕ್ಕಿದ್ದರು. "ನೆಲ್ಲು ಅಂದ್ರ ಎಮ್ಮಿ ಇದ್ದಂಗ್ರಿ ಸಾಹೇಬರ. ನೀರಾಗ ಮುಳುಗಿದ್ರನ ಅದಕ್ಕ ಸಮಾಧಾನ."

ಅಮೃತಾ ಮಾತ್ರ ಬದುವಿನ ಮೇಲೆ ಮಲಗಿ, ಆ ಕೊಳವೆಯೊಳಗೆ ಮೊಣಕೈತನಕ ಕೈಬಿಟ್ಟು, ನೆಲದ ಕೆಳಗಿನ ನೀರನ್ನು ಬೆರಳಿನಿಂದ ಹುಡುಕುತ್ತಿದ್ದಳು. ಸಂಜೆ ಕರೆದರೂ ಬರುತ್ತಿರಲಿಲ್ಲ. ಯೂನಿಫಾರ್ಮಿನ ಕೆಸರು ತೊಳೆದು ತೊಳೆದು ನನ್ನ ಕೈ ಸೋತಿತ್ತು. ಅದೇ ಹುಡುಗಿ ಮುಂದೆ ಕೃಷಿ ಓದಿದಳು. ಓದು ಮುಗಿಸಿ ಅದೇ ವಿಶ್ವವಿದ್ಯಾಲಯದಲ್ಲಿ, ಅದೇ ತಿರುಮಲೇಶ ಸರ್ ಕೈಕೆಳಗೆ, ಅದೇ ಯೋಜನೆಯಲ್ಲಿ ಸಂಶೋಧನೆಗೆ ಸೇರಿದಳು.

ಈಗ ಹೇಳುತ್ತಿರುವುದು ಆ ಸೇರಿದ ಮರು ವರ್ಷದ ಮಾತು. ಆಣೆಕಟ್ಟು ತುಂಬಿದ ವರ್ಷ. ಶ್ರಾವಣ ಕಳೆದು ನಮ್ಮ ನೆಲ್ಲು ಮೊಣಕಾಲುದ್ದ ಬಂದಿತ್ತು. ಅಮೃತಾ ಲ್ಯಾಪ್‌ಟಾಪು ಹಿಡಿದು ಮನೆಗೆ ಬಂದವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಚಿಕ್ಕಂದಿನಿಂದಲೂ ಮನಸ್ಸಿನಲ್ಲಿ ಏನಾದರೂ ಚುಚ್ಚುತ್ತಿದ್ದರೆ ಅವಳ ಬೆರಳು ಜಡೆಗೆ ಹೋಗುತ್ತದೆ. ನಾನು ಕೇಳಲಿಲ್ಲ. ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂತೆ. ಪಕ್ಕದ ಮನೆಯ ಕಾಸೀಮಬೀಯೂ ತನ್ನ ಮೊರ ಹಿಡಿದು ಬಂದು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಮಗಳೇ ಹೇಳಿದಳು.

ಎರಡು ವಿಶ್ವವಿದ್ಯಾಲಯಗಳು ಕೂಡಿ ಮಾಡಿದ ಕೆಲಸಕ್ಕೆ ದುಡ್ಡು ಕೊಟ್ಟವರು ಈಗ ಅದರ ಪ್ರಭಾವ ಎಷ್ಟು ಎಂದು ಅಳೆಯಲು ಒಬ್ಬರನ್ನು ಕಳಿಸುತ್ತಿದ್ದಾರೆ. ಹಾಲೆಂಡಿನ ಹೆಂಗಸು, ಹೆಸರು ಮರೈಕೆ. ಅವರ ವರದಿ ಚೆನ್ನಾಗಿದ್ದರೆ ಕೂಡು ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ನಿಲ್ಲುತ್ತದೆ. ನಿಂತರೆ ಅಮೃತಾಳ ಅರ್ಧ ಆದ ಸಂಶೋಧನೆಯೂ ಅಲ್ಲಿಗೇ ನಿಲ್ಲುತ್ತದೆ.

ಅದನ್ನು ಯಾವುದರಿಂದ ಅಳೆಯುತ್ತಾರೆ ಎಂದು ಕೇಳಿದೆ. ನನಗೆ ಸೇರು, ಪಾವು, ಗೇಣು, ಮೊಳ ಗೊತ್ತು. ಅವಳು ನಕ್ಕಳು. ಎರಡೂ ಕಡೆಯವರು ಕೂಡಿ ಎಷ್ಟು ಲೇಖನ ಬರೆದರು, ಇಲ್ಲಿಂದ ಅಲ್ಲಿಗೆ ಅಲ್ಲಿಂದ ಇಲ್ಲಿಗೆ ಯಾರು ಓದಲು ಹೋಗಿಬಂದರು, ಆ ಲೇಖನಗಳಿಗೆ ಎಷ್ಟು ಉಲ್ಲೇಖ ಬಂದಿದೆ, ಇವನ್ನೆಲ್ಲ ನೋಡುತ್ತಾರಂತೆ.

ಕಾಸೀಮಬೀ ಮೊರ ಕೇರುವುದನ್ನು ನಿಲ್ಲಿಸಿದಳು. "ಉಲ್ಲೇಖ ಅಂದ್ರ ಏನ ಬೇಟಿ?"

"ಬ್ಯಾರೆ ಊರನವರು ತಾವು ಬರಿಯೋವಾಗ, ಇವರು ಹಿಂಗ ಹೇಳ್ಯಾರ ನೋಡ್ರಿ ಅಂತ ನಮ್ಮ ಹೆಸರು ಹಾಕೋದು ಕಾಕು."

"ಹಂಗಾರ ನಮ್ಮತ್ತಿ ಕಡಿಯಿಂದ ನನಗ ಭಾಳ ಉಲ್ಲೇಖ ಬಂದಾವ ತಗೊ. ದಿನಾ ನನ್ನ ಹೆಸರು ತಗೀದ ತುತ್ತು ಎತ್ತಂಗಿಲ್ಲ ಮುದುಕಿ."

ಮೂವರೂ ನಕ್ಕೆವು. ನಕ್ಕು ಮುಗಿದ ಮೇಲೆ ಅಮೃತಾಳ ಬೆರಳು ಮತ್ತೆ ಜಡೆಗೆ ಹೋಯಿತು. ವರದಿಯ ನಮೂನೆಯಲ್ಲಿ ಆ ಖಾನೆಗಳೆಲ್ಲ ತುಂಬಿವೆ, ಕೊನೆಯ ಖಾನೆಯೊಂದು ಖಾಲಿ ಇದೆ ಎಂದಳು. ನೆಲದ ಮೇಲೆ ಏನು ಬದಲಾಯಿತು ಎಂದು ಕೇಳುವ ಖಾನೆ ಅದು. ಮರೈಕೆ ಕಾಗದ ನೋಡಿ ಅದನ್ನು ತುಂಬುವುದಿಲ್ಲ, ಬಂದು ಕಣ್ಣಾರೆ ನೋಡಿ ತುಂಬುತ್ತಾರೆ.

ನೋಡಲು ಏನಿತ್ತು? ರೋಗ ಹರಡಿ ಊರೂರು ಬಾಗಿಲು ಹಾಕಿದ ವರ್ಷಗಳಲ್ಲಿ ಹೊರಗಿನವರು ಯಾರೂ ಬಂದಿರಲಿಲ್ಲ. ಹುಗಿದ ಕೊಳವೆಗಳಲ್ಲಿ ಕೆಲವನ್ನು ಎಮ್ಮೆ ತುಳಿದವು. ಒಂದಕ್ಕೆ ಕಾಸೀಮಬೀ ಹೀರೇಬಳ್ಳಿ ಹಬ್ಬಿಸಿದ್ದಳು. ಒಂದು ನಮ್ಮ ಭಾವನವರ ಮಾಳಿಗೆಯಿಂದ ಮಳೆನೀರು ಸುರಿಸುತ್ತಿತ್ತು. ಆದರೆ ಕೊಳವೆ ಹೋದರೂ ರೂಢಿ ಉಳಿದಿತ್ತು. ಗಂಡಸರು ಬದುವಿನ ಮೇಲೆ ನಿಂತು, ಕೆಸರು ಕೂದಲೆಳೆಯಷ್ಟು ಬಿರಿದದ್ದನ್ನು ನೋಡಿ, ನಾಳೆ ಹಾಯಿಸಿದರಾಯಿತು ಎಂದು ಮನೆಗೆ ಬರುತ್ತಿದ್ದರು. ಅದನ್ನು ಯಾರೂ ಸಂಶೋಧನೆ ಎನ್ನುತ್ತಿರಲಿಲ್ಲ. ಒಣಾ ಹಾಕೋದು ಎನ್ನುತ್ತಿದ್ದರು, ಅಷ್ಟೇ.

ಆ ಬಿರುಕನ್ನೇ ಮರೈಕೆಗೆ ತೋರಿಸಬೇಕು ಎಂದು ಅಮೃತಾ ಲೆಕ್ಕ ಹಾಕಿದ್ದಳು. ಅವರು ಬರುವ ದಿನಕ್ಕೆ ಮರಳಿಯ ಗದ್ದೆಗಳೆಲ್ಲ ಒಣಗುವ ಸರದಿಯಲ್ಲಿರುತ್ತಿದ್ದವು. ಗದ್ದೆ ಹೇಗಿದೆಯೋ ಹಾಗೇ ಇರಲಿ ಎಂದು ತನ್ನ ಅಪ್ಪನಿಗೆ, ನನ್ನ ಯಜಮಾನ ದೇವೇಂದ್ರಪ್ಪನವರಿಗೆ, ಹೇಳಿ ಹಿಂದಿನ ದಿನವೇ ಗಂಗಾವತಿಗೆ ಹೋದಳು. ಅತಿಥಿಗಳು ಅಲ್ಲೇ ಹೋಟೆಲಿನಲ್ಲಿ ಉಳಿದಿದ್ದರು.

ದೇವೇಂದ್ರಪ್ಪನವರು ಆಗಲಿ ಎಂದರು. ಹಾಲೆಂಡಿನಿಂದ ದೊಡ್ಡವರು ಬರುತ್ತಿದ್ದಾರೆ ಎಂದು ಅಣ್ಣನಿಗೂ ಹೇಳಿದರು. ಗದ್ದೆಯ ಮಾತು ಮಾತ್ರ ಅವರ ಬಾಯಿಂದ ಹೊರಡಲೇ ಇಲ್ಲ. ಅಣ್ಣನ ಮುಂದೆ ಅವರು ಅರ್ಧ ಮಾತನ್ನಷ್ಟೇ ಆಡುವವರು.

ಅವತ್ತು ಸಂಜೆ ನಾನು ಹೋಳಿಗೆಗೆ ಬೇಳೆ ಬೇಯಿಸಿ, ಹೂರಣ ಅರೆದು, ಸೊಂಟ ನೆಟ್ಟಗೆ ಮಾಡಿಕೊಳ್ಳೋಣವೆಂದು ಹಿತ್ತಲ ಬಾಗಿಲಿಗೆ ಒರಗಿ ಕೂತಿದ್ದೆ. ಹೊರಗೆ ರೇಷ್ಮೆ ಸೀರೆ ಮಡಚುವ ಸದ್ದು. ಎಷ್ಟೋ ವರ್ಷದ ಹಿಂದಿನ ಕನಸು ಬಾಗಿಲವರೆಗೆ ಬಂದಿದೆ ಅಂದುಕೊಂಡೆ. ಅದು ಒಂದೇ ಸಲ ಎಲ್ಲ ದಿಕ್ಕಿನಿಂದಲೂ ಕೇಳುತ್ತಿತ್ತು. ಅದರ ಜೋಗುಳಕ್ಕೆ ಕೂತಲ್ಲೇ ಕಣ್ಣು ಹತ್ತಿತು.

ಬೆಳಗ್ಗೆ ಬಾಗಿಲು ತೆರೆದರೆ ಮರಳಿ ಊರೇ ಆಕಾಶದ ಮೇಲೆ ನಿಂತ ಹಾಗಿತ್ತು. ಭಾವನವರು ಓಣಿ ಓಣಿಗೆ ಹೇಳಿ ಕಳಿಸಿ ತೂಬುಗಳನ್ನೆಲ್ಲ ಎತ್ತಿಸಿದ್ದರು. ಒಂದೊಂದು ಗದ್ದೆಯೂ ಬದು ಮೀರಿ ತುಳುಕುತ್ತಿತ್ತು. ಬೆಳ್ಳಕ್ಕಿಗಳು ತಮ್ಮ ನೆರಳಿನ ಮೇಲೆಯೇ ಕಾಲಿಟ್ಟು ನಡೆಯುತ್ತಿದ್ದವು. ಹೇಮಗುಡ್ಡ ತಲೆಕೆಳಗಾಗಿ ನಮ್ಮ ಮೂರನೆಯ ಗದ್ದೆಯಲ್ಲಿ ತೇಲುತ್ತಿತ್ತು. ನೆಲ್ಲಿನ ಗರಿ ಅಲುಗಿದರೆ ಗುಡ್ಡವೂ ಅಲುಗುತ್ತಿತ್ತು. ಹೆಚ್ಚಾದ ನೀರು ಬದುವಿನ ಮೇಲಿಂದ ಜಾರಿ ಹಳ್ಳಕ್ಕೆ ಸೇರುತ್ತಿತ್ತು. ಅಷ್ಟು ಚೆಂದದ ಬೆಳಗನ್ನು ನಾನು ನೋಡಿರಲಿಲ್ಲ. ನೋಡುತ್ತ ನೋಡುತ್ತಲೇ ನನ್ನ ಮಗಳು ತೋರಿಸಬೇಕೆಂದಿದ್ದ ಬಿರುಕು ನೆನಪಾಯಿತು.

ಜೀಪಿನಿಂದ ಮೊದಲು ಇಳಿದವಳು ಅವಳೇ. ನೀರು ನೋಡಿದಳು. ಅವಳ ಮುಖ ಚಿಕ್ಕಂದಿನಲ್ಲಿ ಜ್ವರ ಏರುವ ಮೊದಲು ಆಗುತ್ತಿದ್ದ ಹಾಗೆ ಸಣ್ಣಗಾಯಿತು. ಹಿಂದೆ ತಿರುಮಲೇಶ ಸರ್ ಇಳಿದರು. ನೀರು ನೋಡಿ ತಮ್ಮ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದರು, ಅದು ಬಿಚ್ಚಿರಲೇ ಇಲ್ಲ. ಕೊನೆಗೆ ಮರೈಕೆ. ನನ್ನ ವಯಸ್ಸಿನವಳೇ ಇರಬೇಕು, ಬೆಳ್ಳಗಿನ ಕೂದಲು, ಉದ್ದನೆಯ ದೇಹ, ರಬ್ಬರಿನ ಬೂಟು. ಬದುವಿನ ಮೇಲೆ ನಡೆದು ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ನನ್ನ ಅಪ್ಪ ನಿಂತದ್ದೂ ಬಹುಶಃ ಅಲ್ಲೇ.

ಈ ಗದ್ದೆಗಳು ಯಾವಾಗಲೂ ಹೀಗೇ ಇರುತ್ತವೆಯೇ ಎಂದು ಕೇಳಿದಳು. ಅಮೃತಾ ಆ ಪ್ರಶ್ನೆಯನ್ನು ಕನ್ನಡಕ್ಕೆ ತಂದು ದೊಡ್ಡಪ್ಪನ ಮುಖ ನೋಡಿದಳು. ಭಾವನವರು ತಲೆಯ ಪಟಗ ಸರಿಮಾಡಿಕೊಂಡರು.

"ಯಾವಾಗ್ಲೂ ಹಿಂಗ ತುಂಬಿ ತುಳುಕತಿರ್ತಾವ್ರಿ. ನಮ್ಮ ಊರಾಗ ನೀರಿಗೇನು ಬರ?"

ಹಿರಿಯನ ಮಾತನ್ನು ಅತಿಥಿಯ ಎದುರು ಸುಳ್ಳು ಮಾಡುವುದು ಹೇಗೆ? ತಿರುಮಲೇಶ ಸರ್ ಅಮೃತಾಳನ್ನೇ ನೋಡುತ್ತಿದ್ದರು. ಅವಳು ದೊಡ್ಡಪ್ಪ ಹೇಳಿದ್ದನ್ನು ಹೇಳಿದ ಹಾಗೆಯೇ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಆಮೇಲೆ ಮೆಲ್ಲಗೆ, ಇದು ನಿಮಗಾಗಿ ತುಂಬಿಸಿದ್ದು, ಬೀಗರಿಗೆ ತುಂಬಿಸುವ ಹಾಗೆ, ನಿನ್ನೆ ಮಧ್ಯಾಹ್ನದವರೆಗೆ ಇಲ್ಲಿ ಕೆಸರು ಬಿರಿದಿತ್ತು ಎಂದೂ ಹೇಳಿದಳಂತೆ. ಮರೈಕೆ ಅವಳ ಭುಜ ಮುಟ್ಟಿದಳು. ನಿನ್ನ ಮಾತು ನಂಬುತ್ತೇನೆ, ಆದರೆ ನೀನು ಈ ಯೋಜನೆಯವಳು. ನಿನ್ನ ಮಾತನ್ನು ನಾನು ಹೇಗೆ ಬರೆಯಲಿ ಅಂದಳಂತೆ. ತಮ್ಮ ದೇಶದಲ್ಲಿ ನೀರನ್ನು ಹೊರಗೆ ತಳ್ಳುವುದೇ ತಲೆತಲಾಂತರದ ಕೆಲಸ, ಇಷ್ಟು ಪ್ರೀತಿಯಿಂದ ನೀರನ್ನು ಒಳಗೆ ಕರೆದವರನ್ನು ನಾನು ನೋಡಿಲ್ಲ ಅಂತಲೂ ಅಂದಳಂತೆ. ನನಗೆ ತಿಳಿದದ್ದು ಮಾತಲ್ಲ, ಮಗಳ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡ ಜಡೆ.

ಊಟಕ್ಕೆ ಕೂರಿಸಿದೆವು. ಹೋಳಿಗೆ, ಕಟ್ಟಿನ ಸಾರು, ಕಾಸೀಮಬೀ ತಂದ ಹೀರೇಕಾಯಿ ಪಲ್ಯ. ಮರೈಕೆ ನೆಲದ ಮೇಲೆ ಕೂರಲು ಕಾಲು ಮಡಚುವುದನ್ನು ಒಂದೆರಡು ಥರ ಪ್ರಯತ್ನಿಸಿ ಕೊನೆಗೆ ಚಾಚಿಕೊಂಡೇ ಕೂತಳು. ಚಮಚ ಕೊಟ್ಟೆವು. ಭಾವನವರು ಎದುರಿಗೆ ನಿಂತು, ತುಪ್ಪ ಇನ್ನಷ್ಟು ಹಾಕು ಎಂದು ನನಗೆ ಹೇಳುತ್ತಿದ್ದರು. ಮನೆಗೆ ಮರ್ಯಾದೆ ತಂದೆನೆಂಬ ಸಂತೋಷ ಅವರ ಮುಖದ ತುಂಬ ಇತ್ತು. ಪಾಪ, ಅದೂ ನಿಜವಾದ ಸಂತೋಷವೇ.

ಅಮೃತಾ ಒಲೆಯ ಬಳಿ ನನ್ನ ಹಿಂದೆ ಬಂದು ಕೂತಳು. ಹೋಳಿಗೆ ಮುರಿದು ಬಾಯಿಗಿಡಲು ಹೋದೆ. ಮುಖ ತಿರುಗಿಸಿದಳು.

"ಯವ್ವಾ, ಅವರು ಕಂಡದ್ದನ್ನಷ್ಟ ಬರೀತಾರ. ಕಂಡದ್ದು ನೀರು. ಎಲ್ಲಾ ಮೊದಲಿನಂಗ ಐತಿ ಅಂತನ ಆಗತೈತಿ." ಒಲೆಗೆ ಕಡ್ಡಿಯೊಂದನ್ನು ತಳ್ಳಿ ಹೇಳಿದಳು: "ಒಂದ ಬೆಳಿ, ಇನ್ನ ಒಂದ ಬೆಳಿ ನೀರಿನ ಹಿಂದ ಹೋಗಿ ನೋಡಬೇಕಿತ್ತು ನಾನು. ಉಳಿದ ನೀರು ಎಲ್ಲಿ ಹೋಗತೈತಿ ಅಂತ."

ಅವಳ ಬೆನ್ನು ಸವರಿದೆ. ಒಲೆಯ ಉರಿ ತಗ್ಗಿಸಿದೆ, ಹಾಲು ಉಕ್ಕುವುದರಲ್ಲಿತ್ತು.

ಆಗ ಅಂಗಳದಲ್ಲಿ ಟಂಟಂ ಆಟೋ ನಿಂತ ಸದ್ದಾಯಿತು. ಬಾಗಿಲಲ್ಲಿ ನನ್ನ ಅಕ್ಕ ದುರುಗವ್ವ. ಕಚ್ಚೆ ಸೀರೆ ಮೇಲೆತ್ತಿ ಕಟ್ಟಿದ್ದಳು, ಮೊಣಕಾಲವರೆಗೆ ಕೆಸರು ಒಣಗಿ ಬೆಳ್ಳಗಾಗಿತ್ತು. ಕಡೆ ಊರಿನಿಂದ ಆ ಬಿಸಿಲಿನಲ್ಲಿ ಬಂದಿದ್ದಳು. ಒಳಗೆ ಯಾರಿದ್ದಾರೆ ಎಂದು ನೋಡಲಿಲ್ಲ. ನೋಡಿದ್ದರೂ ಅವಳು ನಿಲ್ಲುವವಳಲ್ಲ. ನನ್ನ ಹೆಸರು ಹಿಡಿದೇ ಕೂಗಿದಳು.

"ವಿರುಪವ್ವಾ, ನಿಮ್ಮ ಮಂದಿಗೆ ನೀರು ಹಿಡಕೊಳ್ಳೋ ಹಳೇ ರೋಗ ಮತ್ತ ತಿರುಗೇತನು? ಯಲಬುರ್ಗಾ ಕಡಿಂದ ನಾಟಿಗೆ ಬಂದ ಹೆಣ್ಣಾಳು ನಸುಕಿನಿಂದ ಬದುವಿನ ಮ್ಯಾಲ ಕುಂತು ಎಲಿ ಅಡಿಕಿ ತಿನ್ನಾಕ ಹತ್ಯಾರ. ಕಾಲುವ್ಯಾಗ ಹನಿ ನೀರಿಲ್ಲ. ಸಸಿ ಎಲ್ಲಿ ಹಚ್ಚಲಿ, ನಿಮ್ಮ ಪಡಸಾಲ್ಯಾಗನು?"

ಭಾವನವರು ಕೈ ಅಡ್ಡ ಮಾಡಿದರು. "ಬೀಗರು ಊಟಕ್ಕ ಕುಂತಾರ, ಸುಮ್ಕಿರ್ರಿ ಒಂದೀಟು."

"ನಾನೂ ಬೀಗತಿನ ಈ ಮನಿಗೆ. ನನಗ ಯಾವತ್ತರ ತುಂಬಿದ ಗದ್ದಿ ತೋರಿಸೀರೇನು?"

ಕಾಸೀಮಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮರೈಕೆಯ ಚಮಚ ಅರ್ಧದಲ್ಲಿ ನಿಂತಿತ್ತು. ಈಕೆ ಏನು ಹೇಳುತ್ತಿದ್ದಾಳೆ ಎಂದು ಕೇಳಿದಳು. ಮನೆಯ ಮಾತು, ಏನೂ ಇಲ್ಲ ಎಂಬಂತೆ ತಿರುಮಲೇಶ ಸರ್ ಕೈಯಾಡಿಸಿದರು. ಅಮೃತಾ ಒಲೆಯ ಬಳಿಯಿಂದ ಎದ್ದು ಹೋಗಿ ದೊಡ್ಡವ್ವನ ಪಕ್ಕ ನಿಂತಳು. ಹಳೇ ರೋಗದಿಂದ ಹಿಡಿದು ಪಡಸಾಲೆಯವರೆಗೆ ಒಂದು ಮಾತೂ ಬಿಡದೆ ಹೇಳಿದಳು.

ಮರೈಕೆ ತಟ್ಟೆ ಬದಿಗಿಟ್ಟಳು. ನಿಮ್ಮೂರಿಗೆ ನೀರು ಯಾವಾಗಿನಿಂದ ಬರುತ್ತಿದೆ ಎಂದು ಕೇಳಿದಳು. ಹಾಲೆಂಡಿನ ಹೆಂಗಸು ತನ್ನನ್ನೇ ಕೇಳುತ್ತಿದ್ದಾಳೆಂದು ತಿಳಿದು ಅಕ್ಕ ಸೀರೆ ಕೆಳಗಿಳಿಸಿ, ಹೊಸ್ತಿಲಲ್ಲೇ ಕೂತಳು. ಈ ಹುಡುಗಿ ಲಂಗ ಹಾಕಿಕೊಂಡು ಸಾಲಿಗೆ ಹೋಗುತ್ತಿದ್ದ ಕಾಲದಿಂದ ಎಂದಳು. ಮೊದಮೊದಲು ಒಂದಿಷ್ಟು, ಆಮೇಲೆ ವರ್ಷ ವರ್ಷಕ್ಕೆ ಹೆಚ್ಚು. ಜೋಳ ಬೆಳೆಯುತ್ತಿದ್ದ ಹೊಲಕ್ಕೆ ಈಗ ನೆಲ್ಲು ಹಚ್ಚುತ್ತಾರೆ. ನಿನ್ನೆ ರಾತ್ರಿಯವರೆಗೂ ಬಂದಿತ್ತು.

ಯಾಕೆ ಬಂತು ಎಂದು ನಿಮಗೆ ಅನ್ನಿಸುತ್ತದೆ ಎಂದು ಮರೈಕೆ ಕೇಳಿದಳು.

"ಹೇಮಗುಡ್ಡದ ದುರ್ಗಮ್ಮ," ಎಂದಳು ಅಕ್ಕ, ಇದೂ ಕೇಳುವ ಮಾತೇ ಎಂಬಂತೆ. "ಹರಕಿ ಹೊತ್ತಿದ್ದೆ. ನೀರು ಕೊಟ್ರ ವರ್ಷಾ ದಸರಾಕ್ಕ ಸೀರಿ ಉಡಸ್ತೀನಂತ. ತಾಯಿ ಕೊಟ್ಳು, ನಾನೂ ತಪ್ಪಿಸಿಲ್ಲ."

ಅಮೃತಾ ಬಾಯಿ ತೆರೆದು ನಿಲ್ಲಿಸಿದಳು. ನಾನು ಒಲೆಯ ಬಳಿಯಿಂದ ನೋಡುತ್ತಿದ್ದೆ. ಈ ಒಂದು ಮಾತನ್ನು ಬಿಟ್ಟರೆ ಕೊನೆಯ ಖಾನೆ ತಾನಾಗಿಯೇ ತುಂಬುತ್ತಿತ್ತು. ತಿರುಮಲೇಶ ಸರ್ ಬಿಟ್ಟುಬಿಡು ಎಂದು ಬಾಯಿಬಿಟ್ಟು ಹೇಳಲಿಲ್ಲ. ಅವರ ಕಣ್ಣು ಹೇಳಿತು. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು, ತಾಯಿಯ ಮನಸ್ಸು. ಮಗಳು ದೊಡ್ಡವ್ವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ದುರ್ಗಮ್ಮನನ್ನು, ಹರಕೆಯನ್ನು, ಸೀರೆಯನ್ನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ದುರ್ಗಮ್ಮನ ಹೆಸರು ಆ ಭಾಷೆಯೊಳಗಿಂದ ಒಮ್ಮೆ ಹೊಳೆದು ಹೋದದ್ದು ನನಗೂ ಕೇಳಿಸಿತು.

ಮರೈಕೆ ನಗಲಿಲ್ಲ. ಹಾಗಾದರೆ ಇವತ್ತು ದೇವಿಗೆ ಸಿಟ್ಟು ಬಂದಿದೆಯೇ ಎಂದು ಕೇಳಿದಳು.

ಅಕ್ಕ ಯೋಚಿಸಿದಳು. "ದುರ್ಗಮ್ಮ ಕೊಟ್ಟಾಳ. ಇವರು ನಡುವ ಹಿಡಕೊಂಡಾರ." ಹೇಳಿದ ಮೇಲೆ ಅವಳಿಗೇ ಏನೋ ತೊಡಕು ಕಂಡಿತೇನೋ, ಭಾವನವರ ಕಡೆ ತಿರುಗಿದಳು. "ಅಲ್ಲಪಾ ಸಣ್ಣಪ್ಪಣ್ಣ, ಇಷ್ಟು ವರ್ಷ ಯಾಕ ಹಿಡಕೊಂಡಿದ್ದಿಲ್ಲ ನೀವು?"

ಭಾವನವರು ತುಪ್ಪದ ಗಿಂಡಿಯನ್ನು ಈ ಕೈಯಿಂದ ಆ ಕೈಗೆ ಮಾಡಿದರು. ನೆಲ ನೋಡಿದರು. "ಬೇಕಾಗಿದ್ದಿಲ್ಲವ್ವಾ," ಎಂದರು. "ಒಣಾ ಹಾಕ್ತಿದ್ವಿ."

"ದೊಡ್ಡಪ್ಪ, ಮತ್ತ ಮುಂಜಾನೆ ಯಾವಾಗ್ಲೂ ತುಂಬಿರ್ತಾವ ಅಂದಿ?" ಅಮೃತಾಳ ದನಿ ಎಷ್ಟು ಮೆತ್ತಗಿತ್ತೆಂದರೆ ಅದು ಪ್ರಶ್ನೆಯಂತೆಯೇ ಇರಲಿಲ್ಲ.

"ಬೀಗರ ಮುಂದ ನಮ್ಮ ಗದ್ದಿ ಒಣಗೈತಿ ಅಂತ ಯಾರರ ಅಂತಾರನ ಮಗಳ?"

ಅದೂ ಇಂಗ್ಲಿಷಿಗೆ ಹೋಯಿತು. ಮರೈಕೆ ಈಗ ನಕ್ಕಳು, ಕಣ್ಣು ಒದ್ದೆಯಾಗುವಷ್ಟು. ನಕ್ಕು, ಕೈತೊಳೆದು, ಎದ್ದು ನಿಂತು ಹೇಳಿದ್ದನ್ನು ಅಮೃತಾ ನಮಗೆ ತಿಳಿಸಿದಳು. ಮಾತು ಬರೀ ಮಾತೇ, ಅದೂ ಮನೆಯೊಳಗಿನ ಮಾತು. ನಾನು ನೋಡಬೇಕು. ತೂಬುಗಳನ್ನು ಈಗ ಇಳಿಸಿ. ನನಗೆ ರಾತ್ರಿ ಹೊಸಪೇಟೆಯಲ್ಲಿ ರೈಲಿದೆ, ಸೂರ್ಯ ಮುಳುಗುವವರೆಗೆ ಕಾಲುವೆಯ ಆ ಕೊನೆಯ ಊರಿನಲ್ಲಿ ಕೂತಿರುತ್ತೇನೆ. ಅಷ್ಟರೊಳಗೆ ನೀರು ಬಂದರೆ, ಇನ್ನೊಂದು ಬೆಳೆಯವರೆಗೆ ಆ ಊರಿನಿಂದಲೇ ಈ ಕೆಲಸ ಮುಂದುವರಿಯಲಿ ಎಂದು ಬರೆಯುತ್ತೇನೆ. ಬರದಿದ್ದರೆ ಬೆಳಗ್ಗೆ ಕಂಡದ್ದನ್ನು ಬರೆಯುತ್ತೇನೆ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ.

ಭಾವನವರು ಚಪ್ಪಲಿ ಕೂಡ ಮೆಟ್ಟಲಿಲ್ಲ. ಓಣಿಯಲ್ಲಿ ಕೂಗುತ್ತ ಹೋದರು. ಬೀಗರು ಇನ್ನೂ ಊರಲ್ಲಿರುವಾಗಲೇ ತೂಬು ಇಳಿಸಿದ್ದು ಮರಳಿಯಲ್ಲಿ ಅದೇ ಮೊದಲಿರಬೇಕು. ನಮ್ಮ ಗದ್ದೆಯದನ್ನು ಅಮೃತಾಳೇ ಇಳಿಸಿದಳು. ಹಲಗೆ ಕೂತ ಕೂಡಲೇ ಕಾಲುವೆಯ ನೀರು ಒಂದು ಸಲ ತಡವರಿಸಿ, ದಾರಿ ನೆನಪಾದವರ ಹಾಗೆ ಮುಂದೆ ಹೊರಟಿತು.

ನಾವೂ ಹೊರಟೆವು. ಜೀಪಿನಲ್ಲಿ ನನ್ನನ್ನೂ ಕೂರಿಸಿಕೊಂಡರು. ಗದ್ದೆಗಳ ಹಸಿರು ಹಿಂದಾಗುತ್ತ, ಕರಿ ಬಂಡೆಗಳ ಗುಡ್ಡಗಳು ಹತ್ತಿರವಾಗುತ್ತ ಸಿದ್ದಿಹಾಳ ಬಂತು.

ಕಾಲುವೆ ನನ್ನ ಬಾಲ್ಯದಲ್ಲಿದ್ದ ಹಾಗೇ ಖಾಲಿ ಇತ್ತು. ತಳದ ಕೆಸರು ಮಾತ್ರ ಇನ್ನೂ ಮೆತ್ತಗಿತ್ತು. ಬೇವಿನ ನೆರಳಿನಲ್ಲಿ ಸಸಿಯ ಕಟ್ಟುಗಳು ಬಾಡಲು ಶುರುವಾಗಿದ್ದವು. ನಾಟಿಯ ಹೆಂಗಸರು ನಮ್ಮನ್ನು ನೋಡಿ ಸರಿದು ಜಾಗ ಕೊಟ್ಟರು. ಮರೈಕೆ ಬೂಟು ಕಳಚಿ ಕಾಲುವೆಯ ಒಳಗಿಳಿದು, ಅದರ ಕಲ್ಲಿನ ಇಳಿಜಾರಿಗೆ ಬೆನ್ನು ಕೊಟ್ಟು ಕೂತಳು. ಅಕ್ಕ ಅವಳಿಗೆ ಎಲೆ ಅಡಿಕೆ ಕೊಟ್ಟಳು. ಅವಳು ಜಗಿದು ಮುಖ ಕಿವುಚಿದ್ದಕ್ಕೆ ಹೆಂಗಸರೆಲ್ಲ ನಕ್ಕರು. ಆಮೇಲೆ ನಗಲು ಏನೂ ಉಳಿಯಲಿಲ್ಲ.

ಬಿಸಿಲು ಕಾಲುವೆಯ ಈ ದಂಡೆಯಿಂದ ಆ ದಂಡೆಗೆ ಮೆಲ್ಲಗೆ ದಾಟಿತು. ತಿರುಮಲೇಶ ಸರ್ ದಾರಿಯ ಮೇಲೆ ಹೋಗಿ ನೋಡಿ ಬಂದು, ಮತ್ತೆ ಹೋಗುತ್ತಿದ್ದರು. ಅಮೃತಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಎಷ್ಟು ವರ್ಷವಾಗಿತ್ತು ಅವಳು ಹಾಗೆ ಮಲಗಿ. ಬೆರಳಿಗೆ ಸುತ್ತಿದ್ದ ಜಡೆಯನ್ನು ಬಿಡಿಸಿ, ಕೂದಲಲ್ಲಿ ಕೈಯಾಡಿಸುತ್ತ ಕೂತೆ. ನೀರು ದಾರಿಯಲ್ಲೆಲ್ಲೋ ಇದೆ ಎಂದು ನನಗೆ ಗೊತ್ತಿತ್ತು. ಎಷ್ಟು ಊರು ದಾಟಿರಬಹುದು, ಯಾವ ಹುಡುಗರು ಅದರಲ್ಲಿ ಕಾಲಿಟ್ಟು ತಡೆದಿರಬಹುದು, ಯಾವ ಎಮ್ಮೆ ಕುಡಿಯುತ್ತಿರಬಹುದು ಎಂದು ಅದರ ಜೊತೆ ಮನಸ್ಸಿನಲ್ಲೇ ನಡೆಯುತ್ತಿದ್ದೆ. ಹಾಗೆ ನಡೆಯುತ್ತ ಕಣ್ಣು ಮುಚ್ಚಿತು.

ಸೂರ್ಯ ಗುಡ್ಡದ ಹೆಗಲಿಗೆ ಬಂದಿರಬೇಕು. ಜೀಪಿನ ಡ್ರೈವರ್ ಬಾಗಿಲು ತೆಗೆದಿಟ್ಟದ್ದು, ಹೊತ್ತಾಯಿತು ಎಂದು ಯಾರೋ ಹೇಳಿದ್ದು, ಯಾರೂ ಏಳದೇ ಇದ್ದದ್ದು ನಿದ್ದೆಯ ಆಚೆಯಿಂದ ಕೇಳಿಸಿತು. ಆಗ ಆ ಸದ್ದು. ಯಾರೋ ದೂರದಲ್ಲಿ ರೇಷ್ಮೆ ಸೀರೆ ಮಡಚುತ್ತಿದ್ದಾರೆ. ಕಣ್ಣು ತೆರೆಯಲು ಹೆದರಿದೆ. ತೆರೆದರೆ ನಿಲ್ಲುತ್ತದೆ ಎಂದು ಮೈಗೆ ಗೊತ್ತಿತ್ತು.

ನಿಲ್ಲಲಿಲ್ಲ. ಕಣ್ಣು ತೆರೆದಾಗ ಅದು ತಿರುವಿನಲ್ಲಿ ಕಾಣಿಸಿತು: ಮುಂದೆ ಒಂದಿಷ್ಟು ನೊರೆ, ಒಣಗಿದ ಎಲೆ, ಒಂದು ಚಪ್ಪಲಿ, ಒಂದು ಸುಣ್ಣದ ಡಬ್ಬಿ, ಹಿಂದೆ ಬೆರಳ ದಪ್ಪದ ನೀರು, ಅದರ ಮೇಲೆ ಸಂಜೆಯ ಕೆಂಪು. ಅವಸರವಿರಲಿಲ್ಲ ಅದಕ್ಕೆ. ಮೂಸಿ ಮೂಸಿ ನೋಡುತ್ತ ಬಂದು ಮರೈಕೆಯ ಬರಿಗಾಲ ಹಿಮ್ಮಡಿಗೆ ತಾಗಿತು. ಅವಳು ಕಾಲು ಹಿಂದಕ್ಕೆ ತೆಗೆಯಲಿಲ್ಲ. ಮಂಡಿಯ ಮೇಲೆ ಕೈ ಕಟ್ಟಿಕೊಂಡು, ನೀರು ಕಾಲಿನ ಗಂಟು ಮುಳುಗಿಸುವವರೆಗೆ ಹಾಗೇ ನೋಡುತ್ತ ಕೂತಿದ್ದಳು. ಆಮೇಲೆ ತಿರುಗಿ ಅಮೃತಾಳನ್ನು ನೋಡಿ ತಲೆಯಾಡಿಸಿದಳು, ಒಂದೇ ಸಲ.

ಅಮೃತಾ ಅಳುತ್ತಿದ್ದಳೋ ಏನೋ, ಮುಖ ನನ್ನ ಸೆರಗಿನಲ್ಲಿತ್ತು. ಹೆಂಗಸರು ಆಗಲೇ ಸಸಿಯ ಕಟ್ಟುಗಳನ್ನೆತ್ತಿ ಗದ್ದೆಯ ಕಡೆ ಎಸೆಯತೊಡಗಿದ್ದರು. ಬೆಳಕಿರುವಷ್ಟು ಹೊತ್ತು ಒಂದೆರಡು ಸಾಲಾದರೂ ಹಚ್ಚಬೇಕಲ್ಲ. ಅಕ್ಕ ನೀರಿಗೆ ಕೈಯದ್ದಿ ಹಣೆಗೊತ್ತಿಕೊಂಡಳು, ಹೇಮಗುಡ್ಡದ ಕಡೆಗೆ ಒಮ್ಮೆ ಕೈಮುಗಿದಳು. ಬಂದು ಅಮೃತಾಳ ಬೆನ್ನಿಗೊಂದು ಗುದ್ದಿದಳು.

"ಏಳು. ದುರ್ಗಮ್ಮ ನಿನ್ನ ಕೈಲೆ ತೂಬು ಇಳಿಸ್ಯಾಳ. ಇನ್ನ ಸೀರಿ ಉಡಸಾಕ ನೀನೂ ಬರಬೇಕು ನೋಡು, ನಾ ಒಬ್ಬಾಕಿನ ಗುಡ್ಡ ಹತ್ತಂಗಿಲ್ಲ."

ಮರೈಕೆ ಅದರ ಅರ್ಥ ಕೇಳಿದಳು. ಅಮೃತಾ ಕಣ್ಣೊರೆಸಿಕೊಂಡು, ಇದನ್ನೂ ಬಿಡದೆ ಹೇಳಿದಳು.

ಈಗ ಸಿದ್ದಿಹಾಳದಲ್ಲಿ ಅಕ್ಕನ ಗದ್ದೆಯಲ್ಲಿ ಒಂದು ಹೊಸ ಕೊಳವೆ ಇದೆ. ಅಮೃತಾ ದೊಡ್ಡವ್ವನ ಮನೆಯಲ್ಲೇ ಇದ್ದು ಬೆಳಗ್ಗೆ ಬೆಳಗ್ಗೆ ಅದರೊಳಗೆ ಇಣುಕುತ್ತಾಳೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದವರು ಯಾರೆಂದು ಕೇಳುವಂತಿಲ್ಲ. ವಾರಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ನಾನೂ ಹೋಗುತ್ತೇನೆ. ಅವಳು ಊಟ ಮುಗಿಸುವವರೆಗೆ ಕಾಲುವೆಯ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತೇನೆ. ಆ ಕನಸು ಮತ್ತೆ ಬಿದ್ದಿಲ್ಲ.